ಚಿಲ್ಲಿ

ಡಿಸೆಂಬರಿನ ಸುಂಟಿಕೊಪ್ಪ. ಸಂಜೆ ಐದೂವರೆಗೇ
ಗದ್ದೆಹಳ್ಳದ ಕಡೆಯಿಂದ ಮಂಜು ಎದ್ದು ಬಂದು
ಟ್ಯೂಷನ್ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತದೆ,
ಫೀಸು ಕಟ್ಟದ ಹುಡುಗನ ಹಾಗೆ.

ಒಂದೇ ಪದ ಕೊಟ್ಟಿದ್ದೆ: ಚಿಲ್ಲಿ.
ವಾಕ್ಯ ಮಾಡಿ ತನ್ನಿ ಎಂದಿದ್ದೆ.
ಕೊನೆಗೆ ವೈ ಇದ್ದರೆ ಚಳಿ, ಐ ಇದ್ದರೆ ಮೆಣಸಿನಕಾಯಿ
ಎಂದು ಎರಡೆರಡು ಸಲ ಬರೆದು ತೋರಿಸಿದ್ದೆ.
ಏನು ಮಾಡುವುದು,
ಸಂತೆಬೀದಿಯ ಬೋರ್ಡುಗಳು ನನಗಿಂತ ಹಳೆಯ ಮೇಷ್ಟ್ರುಗಳು.
ಅಲ್ಲಿ ಚಳಿಯ ಪುಡಿ ಕಾಲು ಕಿಲೋಗೆ ಇಷ್ಟು,
ಚಳಿ ಚಿಕನ್ನು ಪ್ಲೇಟಿಗೆ ಇಷ್ಟು.

ಹದಿನೇಳು ಪುಸ್ತಕ. ಹದಿನಾರರಲ್ಲೂ ಹವೆ:
ಮಡಿಕೇರಿ ಚಿಲ್ಲಿ, ಬೆಳಗು ಚಿಲ್ಲಿ,
ಇವರ್ಯಾರೂ ನೋಡಿರದ ಊಟಿ, ಅದೂ ಚಿಲ್ಲಿ.
ಹದಿನೇಳನೆಯದು ಸಫೂರಾಳದು,
ಸೂಜಿಮೆಣಸು ಮಾರುವ ಬೀಪಾತುವಿನ ಮಗಳು.
ಪುಸ್ತಕದ ರಟ್ಟಿಗೂ ಘಾಟು.
ಗುಂಡಗೆ ಬರೆದಿದ್ದಾಳೆ:
ಮೈ ಟೀಚರ್ ಈಸ್ ಚಿಲ್ಲಿ.
ವೈ ಸರಿಯಾಗಿಯೇ ಇದೆ, ಬಾಲ ಕೊಂಚ ಉದ್ದ.

ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು.

ಖಾರ ಎಂದಳೋ? ಇರಬಹುದು. ಮೊನ್ನೆ
ಸ್ಕೇಲಿನಿಂದ ಬೆರಳ ಗೆಣ್ಣಿಗೆ ಕೊಟ್ಟಿದ್ದೆ.
ಖಾರವಾದರೆ ಬೇಜಾರಿಲ್ಲ,
ಖಾರದ ಹೆಂಗಸು ಬಾಳುವವಳು ಎಂದೇ ಲೆಕ್ಕ.

ಅಥವಾ ಮೂರನೆಯ ಅರ್ಥ ನೋಡಿ ಬಂದಳೋ?
ರಟ್ಟು ಕಿತ್ತ ನನ್ನ ಹಳೆಯ ನಿಘಂಟು
ಶನಿವಾರ ಅವಳ ಚೀಲಕ್ಕೆ ಹಾಕಿದ್ದು ನಾನೇ.
ಒಂದು, ಹವೆ. ಎರಡು, ಮೈ.
ಮೂರು, ಮುಖ ಕೊಟ್ಟು ಮಾತಾಡದವರ ನಡತೆ.
ನಾಲ್ಕನೆಯದು ಅದರಲ್ಲಿಲ್ಲ:
ಹೋಂಸ್ಟೇಗೆ ದಾರಿ ಕೇಳಿದ ಹುಡುಗರು,
ನಾನು ತಪ್ಪು ಹೇಳಿದ್ದು ಗೊತ್ತಾಗಿ,
ಚಿಲ್ ಆಂಟಿ ಎಂದು ಕಾರು ತಿರುಗಿಸಿದ್ದು.

ಈ ಇಂಗ್ಲಿಷಿನವರಿಗೆ ತಣ್ಣಗಿನದರ ಮೇಲೆ ಏನು ಸಿಟ್ಟೋ.
ನಮ್ಮಲ್ಲಿ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಾರೆ,
ಮೊಮ್ಮಗುವನ್ನು ನೋಡಿ ಕಣ್ಣು ತಂಪಾಯಿತು ಎನ್ನುತ್ತಾರೆ,
ಉಪಕಾರ ಮಾಡಿದವರನ್ನು ನೆನೆಯುವುದೂ
ತಂಪು ಹೊತ್ತಿನಲ್ಲೇ.
ಒಲೆ ಮುಂದೆ ಕೂತು ಬದುಕಿದವರಿಗೆ
ಬೆಚ್ಚಗಿರುವುದೇ ಪ್ರೀತಿ, ಸರಿ.
ಆದರೆ ಇಲ್ಲಿ ನಾವೂ ಒಲೆ ಮುಂದೆ ಕೂತವರೇ.
ಆ ಮೂರನೆಯ ಸಾಮಾನು ನಮ್ಮ ಮನೆಗಳಲ್ಲೂ ಇದೆ,
ಹೆಸರಿಟ್ಟಿಲ್ಲ, ಅಷ್ಟೆ.

ಏಳೂ ನಲವತ್ತರ ಬಸ್ಸಿನಲ್ಲಿ
ಮೂರನೆಯ ಸೀಟು ಜಾನಕಿಯದು, ಆರನೆಯದು ನನ್ನದು.
ಅಕ್ಕ, ತಂಗಿ.
ಅಮ್ಮನ ಅವಲಕ್ಕಿ ಸರ ಯಾರ ಪೆಟ್ಟಿಗೆ ಸೇರಿತು
ಎಂಬ ಮಾತಿಗೆ ಈಗ ಒಂಬತ್ತು ವರ್ಷ.
ನಡುವಿನ ಎರಡು ಸೀಟಿನಲ್ಲಿ ಯಾರು ಕೂತರೂ
ಮಫ್ಲರ್ ಬಿಗಿ ಮಾಡಿಕೊಳ್ಳುತ್ತಾರೆ.

ಪಕ್ಕಕ್ಕೆ ಕರೆದು ಕೇಳಿದೆ, ಯಾವ ಅರ್ಥ ಸಫೂರಾ?
ಸುಲಭಕ್ಕೆ ಮೈಚಳಿ ಬಿಡುವ ಹುಡುಗಿಯಲ್ಲ.
ನೆಲ ನೋಡಿದಳು, ಅಲ್ಲಿಂದ ನನ್ನ ಮೊಣಕೈ.
"ಸ್ವೆಟರ್ ತೂತಾಗಿದೆ ಟೀಚರ್.
ಬೋರ್ಡಲ್ಲಿ ಬರೆಯುವಾಗ ನಡುಗ್ತೀರಿ.
ಅದಕ್ಕೇ ಅಕ್ಷರ ಓರೆ."

ಎರಡನೆಯದು! ನಾನು ದಾಟಿಯೇ ಹೋಗಿದ್ದ ಎರಡನೆಯದು.
ಈಸ್ ಹೊಡೆದು ಫೀಲ್ಸ್ ಎಂದು ಬರೆದೆ,
ಮತ್ತೆ ಫೀಲ್ಸ್ ಹೊಡೆದು ಈಸ್ ಉಳಿಸಿದೆ.
ಪುಟ ಗಲೀಜಾಯಿತು. ಹತ್ತಕ್ಕೆ ಒಂಬತ್ತು.
ಒಂದು ಕಳೆದದ್ದು ಆ ಬಾಲಕ್ಕೆ.

ಬೆಳಿಗ್ಗೆ ಬಸ್ಸಿನ ಗಾಜೆಲ್ಲ ಬೆವತಿತ್ತು.
ಐದು ಖಾಲಿ, ನಾಲ್ಕೂ ಖಾಲಿ.
ನಾಲ್ಕರಲ್ಲಿ ಕೂತೆ.
ಅವಳ ಜಡೆಯಲ್ಲಿ ಅಮ್ಮನದೇ ನರೆ.
ಬೋಯಿಕೇರಿ ತಿರುವು ದಾಟುವವರೆಗೂ
ನಾಲಿಗೆಯ ಮೇಲೆ ಹೊರಳಿಸಿ ಹೊರಳಿಸಿ
ಕಡೆಗೆ ಅಂದೆ, ಯಾರಿಗೂ ಅಲ್ಲವೆಂಬಂತೆ:
ಏನು ಚಳಿ, ಅಲ್ವಾ.

ಜಾನಕಿ ತಿರುಗಲಿಲ್ಲ.
ಕೈ ಮಾತ್ರ ಹಿಂದಕ್ಕೆ ಚಾಚಿ
ನನ್ನ ಕಡೆಯ ಗಾಜು ಎಳೆದಳು.
ಅರ್ಧಕ್ಕೆ ಬಂದು ಅದು ಸಿಕ್ಕಿಕೊಂಡಿತು.